ಹರಿಹರದಿಂದ ತ್ರಿಕೋಣಮಲೆಗೆ: ಒಂದು ಖರ್ಚಿನ ಲೆಕ್ಕ

ಹರಿಹರದಲ್ಲಿ ರೈಲು ಹತ್ತಿದರೆ ಬೆಂಗಳೂರು ಮುಟ್ಟಲು ನಾಲ್ಕೈದು ಗಂಟೆ ಬೇಕು. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆ ಸಾಕು. ವಿದೇಶ ಪ್ರವಾಸ ಉಳ್ಳವರ ಮಾತು ಎಂದು ಆಸೆ ಕೈಬಿಟ್ಟ ನಮ್ಮ ಕಡೆಯ ಮನೆಗಳಿಗಾಗಿ ಇವತ್ತು ಶ್ರೀಲಂಕಾದ ಲೆಕ್ಕ ಹೇಳುತ್ತೇನೆ.

ಲೆಕ್ಕವನ್ನು ಮಳೆಯಿಂದ ಶುರುಮಾಡಿ. ನಮ್ಮ ತುಂಗಭದ್ರೆಯನ್ನು ತುಂಬಿಸುವ ನೈರುತ್ಯ ಮಾರುತವೇ ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಲಂಕೆಯ ಪಶ್ಚಿಮ, ದಕ್ಷಿಣ ಕರಾವಳಿಯನ್ನು ತೋಯಿಸುತ್ತದೆ. ಆಗ ಬೆಟ್ಟಗಳಾಚೆ, ಪೂರ್ವದ ತ್ರಿಕೋಣಮಲೆಯಲ್ಲಿ ಬಿಸಿಲು, ಶಾಂತ ಕಡಲು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ದಕ್ಷಿಣದ ಕಡಲು ಚೆನ್ನ. ಚಳಿಗೆ ಹೆದರಿ ಯುರೋಪಿನವರೂ ಆಗಲೇ ಬರುವುದರಿಂದ ಕೋಣೆ ಬಾಡಿಗೆ ಏರಿರುತ್ತದೆ. ನಮ್ಮ ಮಕ್ಕಳ ಬೇಸಿಗೆ ರಜೆಗೆ ಹೊಂದುವುದು ತ್ರಿಕೋಣಮಲೆಯೇ. ಆದರೆ ಏಪ್ರಿಲ್ 13, 14ರ ಸುತ್ತ ಅಲ್ಲಿ ಸಿಂಹಳ–ತಮಿಳು ಹೊಸ ವರ್ಷ. ಅಂಗಡಿಗಳು ಮುಚ್ಚಿರುತ್ತವೆ, ಬಸ್ಸುಗಳು ಕಿಕ್ಕಿರಿದಿರುತ್ತವೆ. ಆ ವಾರ ಕಳೆದ ಮೇಲಿನ ದಿನಕ್ಕೆ ಟಿಕೆಟ್ ತೆಗೆಸಿ.

ಇನ್ನು ದುಡ್ಡು. ಪಾಸ್‌ಪೋರ್ಟಿಗೆ ಬೆಂಗಳೂರಿಗೆ ಓಡಬೇಕಿಲ್ಲ. ದಾವಣಗೆರೆಯ ಅಂಚೆ ಕಚೇರಿಯಲ್ಲೇ ಸೇವಾ ಕೇಂದ್ರವಿದೆ. ಸಾಮಾನ್ಯ ಅರ್ಜಿಗೆ ದೊಡ್ಡವರಿಗೆ 1,500 ರೂಪಾಯಿ, ಮಕ್ಕಳಿಗೆ 1,000. ತಿಂಗಳಿಗೆ 6,000 ರೂಪಾಯಿಯಂತೆ ಆರ್‌ಡಿ ಕಟ್ಟಿದರೆ ಹದಿನೆಂಟು ತಿಂಗಳಿಗೆ ಅಸಲೇ 1,08,000. ಅದರಲ್ಲಿ ಎಷ್ಟು ಜನ, ಎಷ್ಟು ದಿನ ಎಂದು ನಿರ್ಧರಿಸಿ. ಸಾಲ ಮಾಡಿ ಹೋಗುವುದು ಮಾತ್ರ ಬೇಡ. ಟೂರ್ ಪ್ಯಾಕೇಜ್ ಕೊಂಡರೆ ಟಿಸಿಎಸ್ ಎಂದು ಒಂದು ಮೊತ್ತ ಸೇರಿಸುತ್ತಾರೆ. ಅದು ನಿಮ್ಮ ಪ್ಯಾನ್ ಲೆಕ್ಕಕ್ಕೇ ಜಮೆಯಾಗುವ ತೆರಿಗೆ. ರಿಟರ್ನ್ಸ್ ಸಲ್ಲಿಸಿ ತೆರಿಗೆಗೆ ಹೊಂದಿಸಿಕೊಳ್ಳಬಹುದು, ಹೆಚ್ಚಾಗಿದ್ದರೆ ವಾಪಸ್ ಪಡೆಯಬಹುದು. ರಿಟರ್ನ್ಸ್ ಹಾಕದವರು ಈ ದುಡ್ಡನ್ನು ಸುಮ್ಮನೆ ಬಿಟ್ಟುಕೊಡುತ್ತಾರೆ ಎನ್ನುವುದು ನನಗೆ ಬೇಸರದ ಸಂಗತಿ.

ಶ್ರೀಲಂಕಾದಲ್ಲಿ 2024ರ ಫೆಬ್ರುವರಿ 12ರಿಂದ ನಮ್ಮ ಯುಪಿಐ ನಡೆಯುತ್ತಿದೆ, ಎಲ್ಲ ಅಂಗಡಿಗಳಲ್ಲಿ ಅಲ್ಲ. ಕಾರ್ಡ್ ಯಂತ್ರ ‘ಭಾರತದ ರೂಪಾಯಿಯೋ, ಇಲ್ಲಿನ ರೂಪಾಯಿಯೋ’ ಎಂದು ಕೇಳಿದರೆ ಅಲ್ಲಿನದನ್ನೇ ಒತ್ತಿ. ನಮ್ಮದನ್ನು ಒತ್ತಿದರೆ ವಿನಿಮಯದಲ್ಲಿ ಸಾಮಾನ್ಯವಾಗಿ ನಷ್ಟ. ಸಿಗಿರಿಯಾ ಬಂಡೆಕೋಟೆಯಂಥ ಕಡೆ ಪಾಸ್‌ಪೋರ್ಟ್ ತೋರಿಸಿ. ಸಾರ್ಕ್ ದೇಶದವರಿಗೆ ಟಿಕೆಟ್ ರಿಯಾಯಿತಿಯಿದೆ. ಊಟಕ್ಕೆ ಕೊಲಂಬೊದ ವೆಳ್ಳವತ್ತೆಯಲ್ಲಿ ತಮಿಳರ ಸಸ್ಯಾಹಾರಿ ಹೋಟೆಲುಗಳಿವೆ. ಒತ್ತು ಶಾವಿಗೆ, ಸಾಂಬಾರ್ ಸಿಗುತ್ತದೆ. ಬೆಣ್ಣೆ ದೋಸೆಯನ್ನು ಒಯ್ಯಲಾಗದು, ಆದರೆ ನಮ್ಮ ಭಟ್ಟಿಯ ಮಂಡಕ್ಕಿ ಚೀಲದಲ್ಲಿ ತೂಗುವುದೇ ಇಲ್ಲ. ಸಂಜೆಯ ತಿಂಡಿಯ ಖರ್ಚು ಅಷ್ಟು ಉಳಿಯಿತು.

ಹೊರಡುವ ಮೊದಲು ಇಟಿಎ ಎಂಬ ಅನುಮತಿಯನ್ನು ಶ್ರೀಲಂಕಾ ಸರ್ಕಾರದ ಜಾಲತಾಣದಲ್ಲೇ ಪಡೆಯಿರಿ. ಪಾಸ್‌ಪೋರ್ಟ್ ಈಗಾಗಲೇ ಇದ್ದವರು ಇವತ್ತೇ ಅದನ್ನು ತೆಗೆದು ನೋಡಿ: ಲಂಕೆಯಲ್ಲಿ ಇಳಿಯುವ ದಿನಕ್ಕೆ ಅದರ ಅವಧಿ ಇನ್ನೂ ಆರು ತಿಂಗಳು ಇರಬೇಕು.