ಯಾಣದ ಕಪ್ಪು: ಬೆಂಕಿಯದಾ, ನೀರಿನದಾ?

ಕುಮಟಾ ತಾಲೂಕಿನ ಯಾಣದ ಫೋಟೋ ಹಾಕಿದಾಗೆಲ್ಲ ಒಂದು ಪ್ರಶ್ನೆ ಗ್ಯಾರಂಟಿ: "ಇದು ಜ್ವಾಲಾಮುಖಿಯಾ?" ಬಂಡೆ ಅಷ್ಟು ಕಪ್ಪು.

ಮತ್ತಿಘಟ್ಟದಲ್ಲಿ ನಾನು ತಲೆ ಮೇಲೆ ಕೈ ಹೊತ್ತು ಕೂತರೆ ಅಜ್ಜಿ ಬೈತಿದ್ರು, "ಭಸ್ಮಾಸುರ ಆಗ್ತೀಯಾ?" ಆಮೇಲೆ ಕಥೆ. ಯಾರ ತಲೆ ಮುಟ್ಟಿದರೂ ಅವರನ್ನು ಸುಡುವ ವರ ಪಡೆದ ಅಸುರ, ವರ ಕೊಟ್ಟ ಶಿವನನ್ನೇ ಅಟ್ಟಿಸಿಕೊಂಡು ಬಂದ. ವಿಷ್ಣು ಮೋಹಿನಿಯಾಗಿ ಕುಣಿದ. ಜೊತೆಗೆ ಕುಣಿಯುತ್ತಾ ಅಸುರ ತನ್ನ ತಲೆ ಮೇಲೇ ಕೈಯಿಟ್ಟ. ಆ ಬೂದಿಯಿಂದಲೇ ಇಲ್ಲಿನ ಮಣ್ಣು ಕಪ್ಪಂತೆ. 120 ಮೀಟರ್ ಎತ್ತರದ್ದು ಭೈರವೇಶ್ವರ ಶಿಖರ, 90 ಮೀಟರಿನದು ಮೋಹಿನಿ ಶಿಖರ. ಹತ್ತಿರದ ಜಲಪಾತದ ಹೆಸರೂ ವಿಭೂತಿ!

ಭೂವಿಜ್ಞಾನ ಹೇಳೋದು ಉಲ್ಟಾ. ಇದು ಸುಣ್ಣದಕಲ್ಲು. ಹುಟ್ಟಿದ್ದು ನೀರಿನಲ್ಲಿ, ಚೂಪಾಗಿದ್ದು ಮಳೆನೀರು ಕರಗಿಸಿ ಕರಗಿಸಿ. ಗುಹೆಯ ಲಿಂಗದ ಮೇಲೆ ಇವತ್ತೂ ನೀರು ತೊಟ್ಟಿಕ್ಕುತ್ತೆ. ಶಿವರಾತ್ರಿ ಜಾತ್ರೆಗೆ ಬರೋರಿಗೆ ಅದೇ ಗಂಗೆ.

"ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ" ಅಂತ ಗಾದೆ. ದಾರಿ ಅಷ್ಟು ಕಷ್ಟ ಇತ್ತು. ಈಗ ರಸ್ತೆ ಇದೆ, ಜೊತೆಗೆ ಪ್ಲಾಸ್ಟಿಕ್ ಬಾಟಲಿಯೂ ಬರುತ್ತೆ. ನೀರು ಕೊಟ್ಟ ಕಾಡನ್ನೇ ಹಾಳು ಮಾಡಿದರೆ, ಅಜ್ಜಿ ಬೈದದ್ದು ನಮಗೇ. ಹೋಗಿಬನ್ನಿ, ಬಾಟಲಿ ವಾಪಸ್ ತನ್ನಿ.