ಥರ್ಮೋಸ್ಟಾಟ್ ನೇರವಾಗಿ ಬಾಯ್ಲರ್ ಜೊತೆ ಮಾತಾಡಬಾರದು

ಪುಣೆ, ಹೈದರಾಬಾದ್, ಚೆನ್ನೈನಿಂದ ಆನ್‌ಸೈಟ್ ಅಂತ ಇಂಗ್ಲೆಂಡಿಗೆ ಹೋಗಿ ಅಲ್ಲೇ ಮನೆ ತಗೊಂಡ ಗೆಳೆಯರು ನಮ್ಮಲ್ಲಿ ಅನೇಕರಿಗೆ ಇದ್ದಾರೆ. ಅಂಥ ಮನೆಯ ಒಂದು ವಿಷಯ ಇವತ್ತು. ಕೆಳಗಡೆ ನೆಲದಡಿ ಬಿಸಿನೀರಿನ ಪೈಪು, ಮೇಲ್ಗಡೆ ರೇಡಿಯೇಟರ್, ಎರಡಕ್ಕೂ ಒಂದೇ ಗ್ಯಾಸ್ ಬಾಯ್ಲರ್. ಸ್ಮಾರ್ಟ್ ಥರ್ಮೋಸ್ಟಾಟ್ ಹಾಕಬೇಕು. ವೈರಿಂಗ್ ಹೇಗೆ?

ನಮಗೆ ಅಭ್ಯಾಸ ಆಗಿರೋದು ಗೀಸರ್. ಸ್ವಿಚ್ ಹಾಕಿದ್ರೆ ಬಿಸಿ. ಇಲ್ಲಿ ಹಾಗಲ್ಲ. ರೇಡಿಯೇಟರ್‌ಗೆ ಸಾಮಾನ್ಯವಾಗಿ 60ರಿಂದ 70 ಡಿಗ್ರಿ ನೀರು ಹೋಗುತ್ತೆ, ನೆಲಕ್ಕೆ 35ರಿಂದ 45 ಸಾಕು. ಈ ವ್ಯತ್ಯಾಸ ನೋಡಿಕೊಳ್ಳೋದು ವೈರಲ್ಲ, ಪೈಪಿನಲ್ಲಿರೋ ಮಿಕ್ಸಿಂಗ್ ವಾಲ್ವ್. ವೈರಿಂಗ್ ಉತ್ತರಿಸೋದು ಒಂದೇ ಪ್ರಶ್ನೆಗೆ: ಈಗ ಯಾರಿಗಾದ್ರೂ ಬಿಸಿ ಬೇಕಾ?

ಅಲ್ಲಿ ಇದಕ್ಕೆ ಎಸ್ ಪ್ಲಾನ್ ಅಂತಾರೆ. ಪ್ರತಿ ವಲಯಕ್ಕೂ ಒಂದು ಮೋಟಾರ್ ವಾಲ್ವ್, ಅದಕ್ಕೆ ಐದು ತಂತಿ. ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ತ್. ಥರ್ಮೋಸ್ಟಾಟ್‌ನಿಂದ ಕಂದು ತಂತಿಗೆ ಕರೆಂಟ್ ಬಂದಾಗ ವಾಲ್ವ್ ತೆರೆಯುತ್ತೆ. ತೆರೆದ ಮೇಲಷ್ಟೇ ಒಳಗಿನ ಚಿಕ್ಕ ಸ್ವಿಚ್ ಬೂದು ಮತ್ತು ಕಿತ್ತಳೆ ತಂತಿಗಳನ್ನು ಸೇರಿಸುತ್ತೆ. ಕಿತ್ತಳೆ ತಂತಿ ಬಾಯ್ಲರ್‌ಗೆ "ಹೊತ್ತಿಕೋ" ಅನ್ನುತ್ತೆ. ಎರಡು ವಲಯಗಳ ಕಿತ್ತಳೆ ತಂತಿಯೂ ಒಂದೇ ಟರ್ಮಿನಲ್‌ಗೆ. ನಮ್ಮ ಭಾಷೇಲಿ ಹೇಳೋದಾದ್ರೆ, ಇದು ಆರ್ ಗೇಟ್. ಯಾವುದೊಂದು ಕೇಳಿದ್ರೂ ಬಾಯ್ಲರ್ ಓಡುತ್ತೆ.

ಇದನ್ನು ಬಿಟ್ಟು ಥರ್ಮೋಸ್ಟಾಟನ್ನು ನೇರ ಬಾಯ್ಲರ್‌ಗೆ ಕೊಟ್ರೆ? ವಾಲ್ವ್ ಮುಚ್ಚಿರುವಾಗಲೇ ಬಾಯ್ಲರ್ ಹೊತ್ತಿಕೊಳ್ಳುತ್ತೆ, ಬಿಸಿನೀರಿಗೆ ಹೋಗೋಕೆ ದಾರಿ ಇರಲ್ಲ.

ನೆಲದ ಕಡೆ ಇನ್ನೊಂದು ಹಂತ ಇದೆ. ಕೋಣೆಗಳ ಥರ್ಮೋಸ್ಟಾಟ್‌ಗಳು ಮೊದಲು ವೈರಿಂಗ್ ಸೆಂಟರ್‌ಗೆ ಹೋಗುತ್ತವೆ. ಅದು ಪೈಪುಗಳ ಮೇಲಿನ ಪುಟ್ಟ ಆಕ್ಚುಯೇಟರ್‌ಗಳನ್ನು ತೆರೆಯುತ್ತೆ. ಅದರೊಳಗಿನ ಮೇಣ ಬಿಸಿಯಾಗಿ ಹಿಗ್ಗೋಕೆ ಕೆಲವು ನಿಮಿಷ ಬೇಕು. ಆಮೇಲೆ ಪಂಪ್, ಆಮೇಲೆ ವಲಯದ ವಾಲ್ವ್. ತಕ್ಷಣ ಏನೂ ಆಗ್ಲಿಲ್ಲ ಅಂತ ಗಾಬರಿ ಬೇಡ.

ಈಗ ಮುಖ್ಯವಾದ ಎರಡು ಎಚ್ಚರ.

ಮೊದಲನೆಯದು, ಬಾಯ್ಲರ್‌ನ ಟರ್ಮಿನಲ್. ಕೆಲವಕ್ಕೆ 230 ವೋಲ್ಟ್ ಸಂಕೇತ ಬೇಕು, ಕೆಲವಕ್ಕೆ ಬರೀ ಎರಡು ತಂತಿ ಕೂಡಿದ್ರೆ ಸಾಕು, ಹೊರಗಿನ ಕರೆಂಟ್ ಬರಲೇಬಾರದು. ಎರಡನೇ ಥರದ್ದಕ್ಕೆ 230 ವೋಲ್ಟ್ ಕೊಟ್ರೆ ಬೋರ್ಡ್ ಸುಟ್ಟುಹೋಗಬಹುದು. ಮ್ಯಾನ್ಯುಯಲ್ ಓದದೆ ತಂತಿ ಮುಟ್ಟಬೇಡಿ.

ಎರಡನೆಯದು ಜೀವದ ವಿಷಯ. ಬೂದು ತಂತಿಯಲ್ಲಿ ಸಾಮಾನ್ಯವಾಗಿ ಯಾವಾಗಲೂ ಕರೆಂಟ್ ಇರುತ್ತೆ, ಆ್ಯಪ್‌ನಲ್ಲಿ ಆಫ್ ಅಂತ ತೋರಿಸಿದ್ರೂ. ಇಡೀ ವ್ಯವಸ್ಥೆ, ನೆಲದ ವೈರಿಂಗ್ ಸೆಂಟರ್ ಸಮೇತ, 3 ಆಂಪ್ ಫ್ಯೂಸಿನ ಒಂದೇ ಸ್ವಿಚ್‌ನಿಂದ ನಡೆಯಬೇಕು. ನೆಲಕ್ಕೆ ಬೇರೆ ಪ್ಲಗ್‌ನಿಂದ ಕರೆಂಟ್ ತಗೊಂಡಿದ್ರೆ, ಒಂದನ್ನು ಆಫ್ ಮಾಡಿದ್ರೂ ಅದೇ ಡಬ್ಬಿಯಲ್ಲಿ ಇನ್ನೊಂದು ಜೀವಂತ. ನಂಬಿ ಕೈ ಹಾಕಬೇಡಿ, ಟೆಸ್ಟರ್ ಹಿಡಿದು ನೋಡಿ. ಬಾಡಿಗೆ ಮನೆಯಾದ್ರೆ ಮಾಲೀಕರನ್ನು ಕೇಳಿ, ಅನುಮಾನ ಇದ್ರೆ ಎಲೆಕ್ಟ್ರಿಷಿಯನ್ ಕರೀರಿ. ಬಾಯ್ಲರ್‌ನ ಗ್ಯಾಸ್ ಕೆಲಸಕ್ಕಂತೂ ಗ್ಯಾಸ್ ಸೇಫ್ ನೋಂದಣಿ ಇರೋರೇ ಬೇಕು.

ಕೊನೆಗೆ ಆ್ಯಪ್. ರೇಡಿಯೇಟರ್ ಬೇಗ ಬಿಸಿಯಾಗುತ್ತೆ, ಕಾಂಕ್ರೀಟ್ ನೆಲಕ್ಕೆ ಗಂಟೆಗಟ್ಟಲೆ ಬೇಕು. ಎರಡಕ್ಕೂ ಒಂದೇ ವೇಳಾಪಟ್ಟಿ ಹಾಕಬೇಡಿ. ನೆಲವನ್ನು ರಾತ್ರಿ ಪೂರ್ತಿ ಆಫ್ ಮಾಡೋ ಬದಲು ಎರಡು ಮೂರು ಡಿಗ್ರಿ ಇಳಿಸಿ.

ಹಳೆ ಥರ್ಮೋಸ್ಟಾಟ್ ಬಿಚ್ಚೋ ಮುಂಚೆ ಫೋಟೋ ತೆಗೀರಿ, ತಂತಿಗೆ ಚೀಟಿ ಅಂಟಿಸಿ. ಬಣ್ಣ ಸುಳ್ಳು ಹೇಳಬಹುದು, ಟರ್ಮಿನಲ್ ಮೇಲಿನ ಅಕ್ಷರ ನೋಡಿ.