ಹೆಗಡೆಯವರ ವಾರಸುದಾರರು ಯಾರು?

(ಶಿರಸಿಯಲ್ಲಿ ನಡೆದ ವಿಚಾರಗೋಷ್ಠಿಯೊಂದರಲ್ಲಿ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲೂಕುಗಳ ಸಭಿಕರನ್ನು ಉದ್ದೇಶಿಸಿ ಮಾಡಿದ ಭಾಷಣದ ಲಿಖಿತ ರೂಪ)



ಕೆಲವು ದಿನಗಳ ಹಿಂದೆ ಇಲ್ಲಿಯ ಬಸ್ ನಿಲ್ದಾಣದ ಬಳಿಯ ಚಹಾದಂಗಡಿಯೊಂದರಲ್ಲಿ ಕುಳಿತಿದ್ದೆ. ಪಕ್ಕದ ಬೆಂಚಿನಲ್ಲಿ ಮೂವರು ಹಿರಿಯರ ನಡುವೆ ವಾಗ್ವಾದ ನಡೆದಿತ್ತು. ಒಬ್ಬರು ಜನತಾ ಪರಿವಾರದ ಹಳೆಯ ಕಾರ್ಯಕರ್ತರು, ಇನ್ನೊಬ್ಬರು ಬಿಜೆಪಿಯವರು, ಮೂರನೆಯವರು ಕಾಂಗ್ರೆಸ್ಸಿಗರು. ಚರ್ಚೆಯ ವಸ್ತು, 2004ರ ಜನವರಿ 12ರಂದು ನಿಧನರಾದ ರಾಮಕೃಷ್ಣ ಹೆಗಡೆ.

"ಹೆಗಡೇರು ಎಂದೆಂದಿಗೂ ನಮ್ಮವರು" ಎಂದರು ಮೊದಲನೆಯವರು. "ಕೊನೆಗೆ ಬಂದದ್ದು ನಮ್ಮ ಜೊತೆಗಲ್ಲವೇ ಭಟ್ಟರೇ?" ಎಂದರು ಎರಡನೆಯವರು. ಮೂರನೆಯವರು ನಕ್ಕು, "ಅವರು ರಾಜಕೀಯ ಕಲಿತದ್ದು ಕಾಂಗ್ರೆಸ್ಸಿನಲ್ಲಿ, ಅವರ ಗರಡಿಯಲ್ಲಿ ಬೆಳೆದ ಅನೇಕರು ಬಂದು ಸೇರಿದ್ದೂ ಕಾಂಗ್ರೆಸ್ಸನ್ನೇ" ಎಂದರು. ಮಾತು ಬಗೆಹರಿಯದಿದ್ದಾಗ ಭಟ್ಟರು ನನ್ನತ್ತ ತಿರುಗಿ, "ಸಾಬ್ರೇ, ನೀವು ಪತ್ರಿಕೆಯವರು. ನೀವೇ ತೀರ್ಪು ಹೇಳಿ" ಎಂದರು. ಅಂದು ನನಗೆ ಉತ್ತರ ಹೊಳೆಯಲಿಲ್ಲ. ಇಂದಿನ ನನ್ನ ಮಾತುಗಳು ಆ ಪ್ರಶ್ನೆಗೆ ನೀಡುತ್ತಿರುವ ಉತ್ತರ.

ಮೂವರ ವಾದದಲ್ಲಿಯೂ ಸತ್ಯಾಂಶವಿದೆ. ಸಿದ್ದಾಪುರ ತಾಲೂಕಿನ ದೊಡ್ಮನೆಯಲ್ಲಿ 1926ರಲ್ಲಿ ಜನಿಸಿದ ಹೆಗಡೆಯವರು ಕಾಂಗ್ರೆಸ್ಸಿನಿಂದಲೇ ಶಾಸಕರಾದವರು, ನಿಜಲಿಂಗಪ್ಪ ಮತ್ತು ವೀರೇಂದ್ರ ಪಾಟೀಲರ ಸಂಪುಟಗಳಲ್ಲಿ ಸಚಿವರಾದವರು. 1969ರಲ್ಲಿ ಕಾಂಗ್ರೆಸ್ ಇಬ್ಭಾಗವಾದಾಗ ಇಂದಿರಾ ಗಾಂಧಿಯವರ ವಿರುದ್ಧದ ಬಣದಲ್ಲಿ ಉಳಿದರು. 1983ರ ಜನವರಿಯಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು. ಆ ಸರಕಾರಕ್ಕೆ ಬಿಜೆಪಿ ಮತ್ತು ಎಡಪಕ್ಷಗಳೆರಡೂ ಹೊರಗಿನಿಂದ ಬೆಂಬಲ ನೀಡಿದ್ದವು. 1984ರ ಲೋಕಸಭಾ ಚುನಾವಣೆಯಲ್ಲಿ ಪಕ್ಷ ಸೋತಾಗ ರಾಜೀನಾಮೆ ಕೊಟ್ಟು ಜನರ ಬಳಿಗೆ ಹೋದರು. 1985ರಲ್ಲಿ ಸ್ವಂತ ಬಹುಮತದೊಂದಿಗೆ ಮರಳಿದರು. 1988ರಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪ ಬಂದಾಗ ಅಧಿಕಾರ ಬಿಟ್ಟರು. 1996ರಲ್ಲಿ ಜನತಾದಳದಿಂದ ಉಚ್ಚಾಟಿತರಾಗಿ ಲೋಕಶಕ್ತಿ ಪಕ್ಷವನ್ನು ಕಟ್ಟಿದರು. 1998ರಲ್ಲಿ ಬಿಜೆಪಿಯೊಂದಿಗೆ ಮೈತ್ರಿ ಮಾಡಿಕೊಂಡು ವಾಜಪೇಯಿ ಸಂಪುಟದಲ್ಲಿ ವಾಣಿಜ್ಯ ಸಚಿವರಾದರು.

ನಮ್ಮ ಸಮುದಾಯದ ಹಿರಿಯರ ಮನಸ್ಸಿನಲ್ಲಿ ಈ ಕೊನೆಯ ಘಟನೆ ಮುಳ್ಳಿನಂತೆ ಉಳಿದಿದೆ. 1996ರಲ್ಲಿ ಕರ್ನಾಟಕದಿಂದ 6 ಲೋಕಸಭಾ ಸ್ಥಾನ ಗೆದ್ದಿದ್ದ ಬಿಜೆಪಿ 1998ರ ಮೈತ್ರಿಯಲ್ಲಿ 13 ಗೆದ್ದಿತು. ಲೋಕಶಕ್ತಿಗೆ 3 ದೊರೆತವು. ಬಾಬರಿ ಮಸೀದಿ ಧ್ವಂಸಗೊಂಡು ಆರು ವರ್ಷ ತುಂಬುವ ಮುನ್ನವೇ, ಮೌಲ್ಯಾಧಾರಿತ ರಾಜಕಾರಣದ ಮಾತನಾಡುತ್ತಿದ್ದ ನಾಯಕರೊಬ್ಬರು ಆ ಪಕ್ಷಕ್ಕೆ ರಾಜ್ಯದ ಬಾಗಿಲನ್ನು ಅಗಲವಾಗಿ ತೆರೆದುಕೊಟ್ಟರೆಂಬ ನೋವು ನಿರಾಧಾರವಾದುದಲ್ಲ. ಆದರೆ ಅಲ್ಲಿಗೇ ಲೆಕ್ಕದ ಪುಸ್ತಕವನ್ನು ಮುಚ್ಚಿಟ್ಟರೆ ನಷ್ಟ ನಮಗೇ. ಏಕೆಂದರೆ ಅದೇ ಪುಸ್ತಕದ ಮೊದಲ ಪುಟಗಳಲ್ಲಿ ಇನ್ನೊಂದು ಹೆಸರಿದೆ: ಅಬ್ದುಲ್ ನಝೀರ್ ಸಾಬ್.

ಹೆಗಡೆ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿದ್ದ ಗುಂಡ್ಲುಪೇಟೆಯ ನಝೀರ್ ಸಾಹೇಬರನ್ನು ಜನ 'ನೀರ್ ಸಾಬ್' ಎಂದೇ ಕರೆದರು. ಬರದ ವರ್ಷಗಳಲ್ಲಿ ಹಳ್ಳಿಹಳ್ಳಿಗೆ ಕೊಳವೆಬಾವಿ ತೋಡಿಸಿ ಕೈಪಂಪು ಹಾಕಿಸಿದವರು ಅವರು. ಅವರ ಹೆಸರೆತ್ತಿದೊಡನೆ ನಮ್ಮ ಎದೆ ಉಬ್ಬುತ್ತದೆ. ಆದರೆ ನಾವು ಕೈಪಂಪನ್ನು ನೆನೆದು, ಅದಕ್ಕಿಂತ ದೊಡ್ಡ ಕೆಲಸವನ್ನು ಮರೆತಿದ್ದೇವೆ.

ಆ ದೊಡ್ಡ ಕೆಲಸವೆಂದರೆ 1983ರ ಜಿಲ್ಲಾ ಪರಿಷತ್ ಮತ್ತು ಮಂಡಲ ಪಂಚಾಯತ್ ಕಾಯಿದೆ. ಅದರಂತೆ 1987ರ ಜನವರಿಯಲ್ಲಿ ಚುನಾವಣೆಗಳು ನಡೆದವು. ಆಗ ನಾನಿನ್ನೂ ಹುಟ್ಟಿರಲಿಲ್ಲ. ಹಿರಿಯರಿಂದ ಕೇಳಿ, ಓದಿ ತಿಳಿದದ್ದನ್ನು ಹೇಳುತ್ತಿದ್ದೇನೆ. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ದೊರೆಯಿತು. ಪರಿಷತ್ತಿನ ಮುಖ್ಯ ಕಾರ್ಯದರ್ಶಿಯನ್ನಾಗಿ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿಯನ್ನು ನೇಮಿಸಲಾಯಿತು. ಅಂದರೆ, ಬ್ರಿಟಿಷರ ಕಾಲದಿಂದ ಜಿಲ್ಲೆಯ ಒಡೆಯನಂತಿದ್ದ ಅಧಿಕಾರಿಗಿಂತ ಜನರ ಪ್ರತಿನಿಧಿ ಮೇಲೆಂಬುದನ್ನು ಕುರ್ಚಿಗಳ ಸಾಲಿನಲ್ಲಿಯೇ ತೋರಿಸಲಾಯಿತು. ಮಹಿಳೆಯರಿಗೆ ಶೇಕಡಾ 25ರಷ್ಟು ಸ್ಥಾನಗಳನ್ನು ಮೀಸಲಿಡಲಾಯಿತು. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬರುವ ಆರು ವರ್ಷಗಳ ಮೊದಲೇ ಕರ್ನಾಟಕ ಈ ದಾರಿಯಲ್ಲಿ ನಡೆದು ತೋರಿಸಿತ್ತು.

ಈಗ ಚಹಾದಂಗಡಿಯ ಪ್ರಶ್ನೆಗೆ ಬರೋಣ. ತಂದೆಯ ವಾರಸುದಾರ ಯಾರೆಂದು ತಿಳಿಯಲು ಮನೆಯ ಗೋಡೆಯ ಮೇಲಿನ ಭಾವಚಿತ್ರವನ್ನು ನೋಡಿದರೆ ಸಾಲದು. ಅವನು ಬಿಟ್ಟುಹೋದ ತೋಟವನ್ನು ಯಾರು ನೋಡಿಕೊಂಡರು ಎಂದು ಕೇಳಬೇಕು. ಅಡಿಕೆ ತೋಟದ ನಾಡಿನವರಾದ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ಎರಡು ವರ್ಷ ಸೊಪ್ಪು, ಗೊಬ್ಬರ ಹಾಕದಿದ್ದರೆ ಯಾವ ತೋಟ ಉಳಿದೀತು?

ಆ ತೋಟದ ಗತಿ ನೋಡಿ. 1992ರಲ್ಲಿ ಮೊದಲ ಜಿಲ್ಲಾ ಪರಿಷತ್ತುಗಳ ಅವಧಿ ಮುಗಿದಾಗ ಅಂದಿನ ಕಾಂಗ್ರೆಸ್ ಸರಕಾರ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ನೇಮಿಸಿತು. ಹೊಸ ಕಾಯಿದೆಯಡಿ ಜಿಲ್ಲಾ ಪಂಚಾಯತ್‌ಗಳಿಗೆ ಚುನಾವಣೆ ನಡೆದದ್ದು 1995ರಲ್ಲಿ. ಮತ್ತೆ 2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲೂಕು ಪಂಚಾಯತ್ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಆಗ ಅಧಿಕಾರದಲ್ಲಿದ್ದುದು ಬಿಜೆಪಿ. ಕ್ಷೇತ್ರ ಮರುವಿಂಗಡಣೆಯ ಹೊಣೆಯನ್ನು ಚುನಾವಣಾ ಆಯೋಗದಿಂದ ಕಿತ್ತು ಪ್ರತ್ಯೇಕ ಆಯೋಗಕ್ಕೆ ವಹಿಸಲಾಯಿತು. ಚುನಾವಣೆ ಮುಂದಕ್ಕೆ ಹೋಯಿತು. 2023ರ ಮೇ ತಿಂಗಳಲ್ಲಿ ಕಾಂಗ್ರೆಸ್ ಅಧಿಕಾರಕ್ಕೆ ಬಂದಿತು. ಆದರೂ 2024ನೇ ವರ್ಷ ಕಳೆಯುವವರೆಗೆ ಆ ಚುನಾವಣೆಗಳು ನಡೆಯಲಿಲ್ಲ. ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು ಸಂವಿಧಾನದ 243-ಇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಒಂದು ಪಕ್ಷ ಬಾಗಿಲು ಮುಚ್ಚಿತು. ಇನ್ನೊಂದು ಪಕ್ಷ ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಕುಳಿತಿತು.

ಲೋಕಾಯುಕ್ತದ ಕಥೆಯೂ ಬೇರೆಯಲ್ಲ. 1984ರ ಲೋಕಾಯುಕ್ತ ಕಾಯಿದೆ ಹೆಗಡೆ ಸರಕಾರದ ಇನ್ನೊಂದು ಕೊಡುಗೆ. ಅದೇ ಹೆಗಡೆಯವರ ಸಂಪುಟದಲ್ಲಿ ಮಂತ್ರಿಯಾಗಿದ್ದ ಸಿದ್ದರಾಮಯ್ಯನವರು ಕಾಂಗ್ರೆಸ್ ಮುಖ್ಯಮಂತ್ರಿಯಾಗಿದ್ದಾಗ, 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳವನ್ನು ರಚಿಸಿ ಲೋಕಾಯುಕ್ತದ ಹಲ್ಲು ಕೀಳಲಾಯಿತು. ಆನಂತರ ಬಂದ ಬಿಜೆಪಿ ಸರಕಾರವೂ ಆ ದಳವನ್ನು ಹಾಗೆಯೇ ಉಳಿಸಿಕೊಂಡಿತು. ಕೊನೆಗೆ 2022ರ ಆಗಸ್ಟ್‌ನಲ್ಲಿ ಅದನ್ನು ರದ್ದುಗೊಳಿಸಿದ್ದು ಹೈಕೋರ್ಟು. ಜನತಾ ಪರಿವಾರದವರೂ ಹೊಣೆಯಿಂದ ಪಾರಾಗಲಾರರು. ಹೆಗಡೆಯವರ ಭಾವಚಿತ್ರಕ್ಕೆ ಹಾರ ಹಾಕಿದ ಎಷ್ಟು ಮಂದಿ ಈ ಚುನಾವಣೆಗಳಿಗಾಗಿ ಬೀದಿಗಿಳಿದರು?

ಹೆಗಡೆಯವರನ್ನು ದೋಷಾತೀತರೆಂದು ನಾನು ಹೇಳುತ್ತಿಲ್ಲ. 1986ರ ಸಾರಾಯಿ ಬಾಟ್ಲಿಂಗ್ ಪ್ರಕರಣದಲ್ಲಿ ಹೈಕೋರ್ಟು ಮಾಡಿದ ಟೀಕೆಯಿಂದಾಗಿ ರಾಜೀನಾಮೆ ಕೊಟ್ಟು, ಮೂರೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡವರೂ ಅವರೇ. ಮನುಷ್ಯನೊಬ್ಬನ ಒಳಿತನ್ನೂ ಕೆಡುಕನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯ. ಕೆಡುಕನ್ನು ಖಂಡಿಸುವ ಭರದಲ್ಲಿ ಒಳಿತನ್ನು ಕಳೆದುಕೊಳ್ಳುವುದು ಅವಿವೇಕ.

ಬಂಧುಗಳೇ, ಇದರಿಂದ ಪಟ್ಟಣವಾಸಿಗಳಾದ ನಮಗೇನೆಂದು ನೀವು ಕೇಳಬಹುದು. ಶಿರಸಿಯಲ್ಲಿ ನಗರಸಭೆಯಿದೆ, ಸಿದ್ದಾಪುರ ಮತ್ತು ಯಲ್ಲಾಪುರಗಳಲ್ಲಿ ಪಟ್ಟಣ ಪಂಚಾಯತ್‌ಗಳಿವೆ. ಆದರೆ ನಮ್ಮ ಅಕ್ಕ ತಂಗಿಯರು, ಮಾವಂದಿರು ಹಳ್ಳಿಗಳಲ್ಲಿದ್ದಾರೆ. ಅಲ್ಲಿಯ ಸರಕಾರಿ ಶಾಲೆ, ಅಂಗನವಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರ, ಕುಡಿಯುವ ನೀರು, ಇವೆಲ್ಲ ಜಿಲ್ಲಾ ಪಂಚಾಯತ್ತಿನ ವ್ಯಾಪ್ತಿಗೆ ಸೇರಿದವು. ಚುನಾಯಿತ ಸದಸ್ಯನಿದ್ದರೆ ಶಾಲೆಯ ಸೋರುವ ಮಾಡಿನ ವಿಷಯವನ್ನು ಅವನ ಮನೆಯ ಜಗಲಿಯಲ್ಲಿ ಕುಳಿತು ಹೇಳಬಹುದು. ಅವನಿಲ್ಲದಿದ್ದರೆ ಸಿದ್ದಾಪುರದವನು ದೊಡ್ಮನೆ ಘಾಟಿಯನ್ನೂ, ಯಲ್ಲಾಪುರದವನು ಅರಬೈಲ್ ಘಾಟಿಯನ್ನೂ ಇಳಿದು ಕಾರವಾರಕ್ಕೆ ಹೋಗಿ ಅಧಿಕಾರಿಯ ಕೋಣೆಯ ಹೊರಗೆ ಕಾಯಬೇಕು. ಮುಖ್ಯಮಂತ್ರಿಯಾದ ಹೆಗಡೆಯವರ ಹುಟ್ಟೂರಿನ ಘಾಟಿಯನ್ನೇ ಇಳಿದು, ಅವರು ಜನರ ಕೈಗೆ ಕೊಟ್ಟ ಅಧಿಕಾರವನ್ನು ಅಧಿಕಾರಿಯ ಬಳಿ ಬೇಡಬೇಕಾಗಿ ಬರುವುದು ಎಂತಹ ವಿಪರ್ಯಾಸ!

ಬಲಾಢ್ಯರಿಗೆ ಇದರಿಂದ ತೊಂದರೆಯಿಲ್ಲ; ಅವರಿಗೆ ಶಾಸಕರ ದೂರವಾಣಿ ಸಂಖ್ಯೆ ಗೊತ್ತಿದೆ. ನಷ್ಟವಾಗುವುದು ಯಲ್ಲಾಪುರದ ಕಾಡಂಚಿನ ಸಿದ್ದಿ ಸಹೋದರರಿಗೆ. ಮುಸ್ಲಿಮರೂ, ಹಿಂದೂಗಳೂ, ಕ್ರೈಸ್ತರೂ ಇರುವ ಈ ಸಮುದಾಯಕ್ಕೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ಚುನಾವಣೆಯೇ ನಡೆಯದಿದ್ದರೆ ಮೀಸಲು ಸ್ಥಾನ ಕಾಗದದ ಮೇಲಿನ ಅಕ್ಷರವಷ್ಟೇ. ನಷ್ಟವಾಗುವುದು ನಮ್ಮ ಮಹಿಳೆಯರಿಗೆ. 1987ರ ಶೇಕಡಾ 25 ಇಂದು ಶೇಕಡಾ 50 ಆಗಿದೆ. ಆದರೆ ಖಾಲಿ ಸಭಾಂಗಣದ ಅರ್ಧ ಎಂದರೆ ಎಷ್ಟು?

ಆದ್ದರಿಂದ ಮುಂದೆ ಯಾರಾದರೂ ಹೆಗಡೆ ನಮ್ಮವರೆಂದು ನಿಮ್ಮ ಮುಂದೆ ವಾದಿಸಿದರೆ, ಯಾವ ಪಕ್ಷದವರಾದರೂ ಸರಿ, ಒಂದೇ ಪ್ರಶ್ನೆ ಕೇಳಿ: "ನಿಮ್ಮ ಸರಕಾರವಿದ್ದಾಗ ಜಿಲ್ಲಾ ಪಂಚಾಯತ್ ಚುನಾವಣೆಯನ್ನು ಸಕಾಲಕ್ಕೆ ನಡೆಸಿದಿರಾ?" ಹಾಗೆಯೇ ನಝೀರ್ ಸಾಹೇಬರು ನಮ್ಮವರೆಂದು ಹೆಮ್ಮೆಪಡುವ ಮುನ್ನ ನಮ್ಮನ್ನೂ ಕೇಳಿಕೊಳ್ಳೋಣ: ನಮ್ಮಲ್ಲಿ ಎಷ್ಟು ಮಂದಿ ವಾರ್ಡು ಸಭೆಗೆ ಹೋಗಿದ್ದೇವೆ? ಹಳ್ಳಿಯ ಬಂಧುಗಳನ್ನು ಗ್ರಾಮಸಭೆಗೆ ಹೋಗುವಂತೆ ಎಂದಾದರೂ ಒತ್ತಾಯಿಸಿದ್ದೇವೆಯೇ? ಮತದಾರರ ಪಟ್ಟಿಯಲ್ಲಿ ಮನೆಯ ಎಲ್ಲರ ಹೆಸರಿದೆಯೇ ಎಂದು ನೋಡಿದ್ದೇವೆಯೇ? ಸೊಸೆಯೋ ಮಗಳೋ ಸ್ಪರ್ಧಿಸುತ್ತೇನೆಂದರೆ ಹುಬ್ಬು ಗಂಟಿಕ್ಕದೆ ಕೇಳಿದ್ದೇವೆಯೇ?

ನಝೀರ್ ಸಾಹೇಬರು 1988ರಲ್ಲಿ ತೀರಿಕೊಂಡರು. ಮೈಸೂರಿನ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಅವರ ಹೆಸರಿದೆ. ಆದರೆ ಅವರು ಬಿಟ್ಟುಹೋದ ಅಮಾನತ್ತು ಆ ಕಟ್ಟಡದಲ್ಲಿಲ್ಲ, ಗ್ರಾಮಸಭೆಯಲ್ಲಿದೆ. ಅಲ್ಲಿ ಎದ್ದು ನಿಂತು ತನ್ನ ಕೇರಿಯ ನೀರಿನ ಲೆಕ್ಕ ಕೇಳುವವನೇ, ಕೇಳುವವಳೇ ಹೆಗಡೆಯವರ ಮತ್ತು ನಝೀರ್ ಸಾಹೇಬರ ನಿಜವಾದ ವಾರಸುದಾರರು. ಭಟ್ಟರು ಮತ್ತೆ ಸಿಕ್ಕರೆ ನಾನು ಹೇಳಲಿರುವ ತೀರ್ಪು ಇಷ್ಟೇ.